ಬಯಾಪ್ಸಿ ನೋಡಲು ಕನ್ಫೋಕಲ್ ಬೇಕೇ?

ಪ್ರಶ್ನೆ: ಕನ್ಫೋಕಲ್ ಮೈಕ್ರೋಸ್ಕೋಪ್ ಅಷ್ಟು ಸ್ಪಷ್ಟವಾಗಿ ತೋರಿಸುತ್ತದಂತೆ. ಹಾಗಿದ್ದರೆ ಬಯಾಪ್ಸಿ, ಕಫ ಪರೀಕ್ಷೆ ಮಾಡುವ ಲ್ಯಾಬ್‌ಗಳಲ್ಲಿ ಅದನ್ನೇಕೆ ಇಟ್ಟಿರುವುದಿಲ್ಲ?

ಉತ್ತರ: ಬೆಲೆ ದುಬಾರಿ, ನಿಜ. ಆದರೆ ಪುಕ್ಕಟೆ ಕೊಟ್ಟರೂ ಆ ಲ್ಯಾಬ್‌ಗಳ ದಿನನಿತ್ಯದ ಕೆಲಸಕ್ಕೆ ಅದರಿಂದ ದೊಡ್ಡ ಉಪಯೋಗವಿಲ್ಲ.

ಕನ್ಫೋಕಲ್ ಇರುವುದು ದಪ್ಪ ಅಂಗಾಂಶ ನೋಡಲು. ಫ್ಲೋರೆಸೀನ್‌ನಂಥ ಬಣ್ಣ ಹಾಕಿ 488 ನ್ಯಾನೋಮೀಟರ್‌ನ ನೀಲಿ ಲೇಸರ್ ಬಿಟ್ಟರೆ ಹಸಿರು ಬೆಳಕು ಹೊಮ್ಮುತ್ತದೆ. ಅದು ನಾವು ಫೋಕಸ್ ಮಾಡಿದ ಪದರದಿಂದಷ್ಟೇ ಬಂದರೆ ತಕರಾರಿರಲಿಲ್ಲ. ಮೇಲಿನ, ಕೆಳಗಿನ ಪದರಗಳೂ ಹೊಳೆದು ಚಿತ್ರ ಮಬ್ಬಾಗುತ್ತದೆ. ಬೆಳಕು ಹಿಡಿಯುವ ಡಿಟೆಕ್ಟರ್ ಮುಂದೆ ಕೂದಲೆಳೆಯ ದಪ್ಪದಷ್ಟು ರಂಧ್ರ ಇಟ್ಟರೆ ಫೋಕಸ್ ಆದ ಬಿಂದುವಿನ ಬೆಳಕು ತೂರಿ ಬರುತ್ತದೆ, ಉಳಿದದ್ದು ಬಹುಪಾಲು ಹೊರಗೇ ಉಳಿಯುತ್ತದೆ. ಮಿದುಳಿನ ನರಕೋಶಗಳ ಗೋಜಲನ್ನು ಬಿಡಿಸಿ ನೋಡಲೆಂದು ಮಾರ್ವಿನ್ ಮಿನ್ಸ್ಕಿ (ಕೃತಕ ಬುದ್ಧಿಮತ್ತೆಯಲ್ಲಿ ಹೆಸರಾದ ಅದೇ ಮಿನ್ಸ್ಕಿ) 1957ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಉಪಾಯವಿದು. ಲೇಸರ್, ಕಂಪ್ಯೂಟರ್ ಜೊತೆಗೂಡಿ ಇದು ಲ್ಯಾಬ್‌ಗಳಿಗೆ ಬಂದದ್ದು 1980ರ ದಶಕದಲ್ಲಿ.

ತೊಡಕೂ ಇದೆ. ಚಿತ್ರವನ್ನು ಬಿಂದು ಬಿಂದುವಾಗಿ ಕೂಡಿಸಬೇಕು, ಹೀಗಾಗಿ ನಿಧಾನ. ಲೇಸರ್ ಹೆಚ್ಚಾದರೆ ಬಣ್ಣವೇ ಸುಟ್ಟು ಮಾಸುತ್ತದೆ.

ಈಗ ಬಯಾಪ್ಸಿಗೆ ಬನ್ನಿ. ಪ್ಯಾರಾಫಿನ್ ಮೇಣದಲ್ಲಿ ಕೂರಿಸಿದ ಚೂರನ್ನು ಮೈಕ್ರೋಟೋಮ್‌ನಲ್ಲಿ 4–5 ಮೈಕ್ರೋಮೀಟರ್ ಪದರಗಳಾಗಿ ಕೊಯ್ಯುತ್ತಾರೆ. ಬೇರೆ ಪದರಗಳನ್ನು ಹೊರಗಿಡುವ ಆ ರಂಧ್ರದ ಕೆಲಸವನ್ನು ಬ್ಲೇಡ್ ಆಗಲೇ ಮುಗಿಸಿದೆ. ಸ್ಲೈಡ್ ಮೇಲೆ ಸವರಿದ ಕಫ (ಸ್ಮಿಯರ್) ಕೂಡ ತೆಳುವೇ. ಆರಮೀನ್ ಬಣ್ಣ ಹಾಕಿದರೆ ಕ್ಷಯದ ಬ್ಯಾಕ್ಟೀರಿಯಾ ಕಪ್ಪು ಹಿನ್ನೆಲೆಯಲ್ಲಿ ಹಳದಿ ಕಡ್ಡಿಗಳಂತೆ ಹೊಳೆಯುತ್ತವೆ. ಸಾದಾ ಎಲ್‌ಇಡಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಸಾಕು. ಅಲ್ಲಿ ಮುಖ್ಯವಾದದ್ದು ಇಡೀ ಸ್ಲೈಡನ್ನು ಬೇಗ ಜಾಲಾಡುವುದು.

ಕನ್ಫೋಕಲ್‌ಗೆ ನಿಜವಾದ ಜಾಗ, ಕೊಯ್ಯದೆ ನೋಡಬೇಕಾದ ಕಡೆ. ಅನ್ನನಾಳದ ಬ್ಯಾರೆಟ್ ಸಮಸ್ಯೆಯನ್ನೇ (ಒಳಪದರ ಕರುಳಿನದರಂತೆ ಬದಲಾಗುವುದು, ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು) ತಗೊಳ್ಳಿ. ರಕ್ತನಾಳಕ್ಕೆ ಫ್ಲೋರೆಸೀನ್ ಚುಚ್ಚಿ (ಚರ್ಮ ಕೆಲವು ಗಂಟೆ, ಮೂತ್ರ ಒಂದೆರಡು ದಿನ ಹಳದಿಯಾಗಿರುತ್ತವೆ, ಗಾಬರಿ ಬೇಡ) ಎಂಡೋಸ್ಕೋಪ್ ಮೂಲಕ ಫೈಬರ್ ಪ್ರೋಬ್ ಇಳಿಸುತ್ತಾರೆ. ಇಲ್ಲಿ ಫೈಬರ್‌ನ ತುದಿಯೇ ರಂಧ್ರ. ಅನ್ನನಾಳದಲ್ಲಿ ಇರಬಾರದ, ಕರುಳಿಗೆ ಸೇರಿದ, ಲೋಳೆ ಸ್ರವಿಸುವ ಗಾಬ್ಲೆಟ್ ಕೋಶಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಆದರೆ ಫ್ಲೋರೆಸೀನ್ ಕೋಶಕೇಂದ್ರಕ್ಕೆ ಬಣ್ಣ ಕೊಡುವುದಿಲ್ಲ. ಕ್ಯಾನ್ಸರ್ ತೀರ್ಮಾನಕ್ಕೆ ಪ್ಯಾಥಾಲಜಿಸ್ಟ್ ಮೊದಲು ನೋಡುವುದೇ ಅದನ್ನು. ಹಾಗಾಗಿ ಚೂರು ತೆಗೆದು ಕಳಿಸುವುದು ಇನ್ನೂ ತಪ್ಪಿಲ್ಲ. ಎಲ್ಲಿಂದ ತೆಗೆಯಬೇಕೆಂಬ ಊಹೆ ಮಾತ್ರ ಕಡಿಮೆಯಾಗಿದೆ.