ಚಿಟಿಕೆ ಸುಣ್ಣದ ಬಣ್ಣಗಳು

ಎಲೆಅಡಿಕೆ ತಟ್ಟೆಯಲ್ಲಿ ಎಲ್ಲಕ್ಕಿಂತ ಬೆಳ್ಳಗಿರುವುದು ಸುಣ್ಣ. ತನಗೆ ಬಣ್ಣವಿಲ್ಲದ ಈ ಪದಾರ್ಥ ಮೈಸೂರು, ಮಂಡ್ಯ ಸೀಮೆಯ ಮನೆಗಳಲ್ಲಿ ಎಷ್ಟು ಬಣ್ಣಗಳಿಗೆ ಕಾರಣವಾಗಿದೆ ನೋಡಿ: ಮದುಮಕ್ಕಳಿಗೆ ಎತ್ತುವ ಆರತಿಯ ಕೆಂಪು, ತಾಂಬೂಲ ಮೆದ್ದ ನಾಲಿಗೆಯ ಕೆಂಪು, ಹಬ್ಬಕ್ಕೆ ಬಳಿದ ಗೋಡೆಯ ಬಿಳುಪು, ಆಲೆಮನೆಯಿಂದ ಬಂದ ಅಚ್ಚುಬೆಲ್ಲದ ಹೊಂಬಣ್ಣ. ಬಣ್ಣ ಅಂದರೆ ವಸ್ತುವಿನ ಮೇಲೆ ಮೆತ್ತಿಕೊಂಡ ಏನೋ ಒಂದು ಅಂದುಕೊಳ್ಳುತ್ತೇವೆ. ಆದರೆ ಈ ನಾಲ್ಕರಲ್ಲೂ ಬಣ್ಣ ಒಂದು ನಡವಳಿಕೆ. ಸುತ್ತಲಿನ ಹುಳಿ, ಕ್ಷಾರ, ಗಾಳಿ, ಬಿಸಿಗೆ ವಸ್ತು ಕೊಡುವ ಉತ್ತರ. ಆ ಉತ್ತರವನ್ನು ಓದಲು ಕಲಿತವರಿಗೆ ದಿನನಿತ್ಯದ ಬಣ್ಣಗಳ ಚೆಲುವು ಇನ್ನಷ್ಟು ಹೆಚ್ಚುತ್ತದೆ.

ಮೊದಲು ಸುಣ್ಣದ ವಿಚಾರ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಬಿದ್ದರೆ ಕೊತಕೊತ ಕುದಿದು ಅರಳುತ್ತದೆ. ನಾವು ಬಳಸುವುದು ಈ ಅರಳಿದ ಸುಣ್ಣವನ್ನು. ಇದು ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಲೀಟರಿಗೆ 1.7 ಗ್ರಾಂ ಆಸುಪಾಸು. ಬಿಸಿನೀರಿನಲ್ಲಿ ಇನ್ನೂ ಕಡಿಮೆ. ಹಾಗಾಗಿ ನೀವು ಪಾತ್ರೆಗೆ ಒಂದು ಚಮಚ ಹಾಕಿ, ಹತ್ತು ಚಮಚ ಹಾಕಿ, ಮೇಲೆ ನಿಲ್ಲುವ ತಿಳಿನೀರಿನ ಕ್ಷಾರ ಒಂದೇ, ಪಿಎಚ್ 12.4ರ ಹತ್ತಿರ. (ಪಿಎಚ್ ಅಂದರೆ ಹುಳಿ, ಕ್ಷಾರದ ಅಳತೆ: ಏಳು ನಡುಮಟ್ಟ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ.) ಬಣ್ಣದ ಕೆಲಸಕ್ಕೆ ಬೇಕಾದದ್ದು ಈ ತಿಳಿ. ತಳದ ಗಸಿ ಸೇರಿದರೆ ಬಣ್ಣ ಮಬ್ಬಾಗುತ್ತದೆ. ಇಷ್ಟು ತೀಕ್ಷ್ಣ ಕ್ಷಾರ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಮಕ್ಕಳ ಕೈಗೆ ಸುಣ್ಣದ ಡಬ್ಬಿ, ಪೊಟ್ಟಣ ಸಿಗಬಾರದು. ಅಕಸ್ಮಾತ್ ಬಿದ್ದರೆ ಕಣ್ಣುಜ್ಜದೆ ಕನಿಷ್ಠ ಕಾಲು ಗಂಟೆ ಧಾರೆಯಾಗಿ ನೀರು ಹರಿಸಿ, ಕೂಡಲೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು.

ಆರತಿ ನೀರಿಗೆ ಒಂದು ಲೋಟ ನೀರು, ಕಾಲು ಚಮಚ ಅರಿಶಿನ ಸಾಕು. ಕದಡಿ, ಸುಣ್ಣದ ತಿಳಿಯನ್ನು ಎರಡು ಮೂರು ಚಮಚ ಬಿಡಿ. ಹಳದಿ ಕಣ್ಣೆದುರೇ ರಕ್ತಗೆಂಪಿಗೆ ಹೊರಳುತ್ತದೆ. ಇದನ್ನು ಬೆಳಿಗ್ಗೆಯೇ ಕಲಸಿಟ್ಟು ಮುಹೂರ್ತದ ಹೊತ್ತಿಗೆ ತಂದರೆ ಕೆಂಪು ಕಂದಿ ಮಣ್ಣುಬಣ್ಣಕ್ಕೆ ತಿರುಗಿರುತ್ತದೆ. ಕಾರಣ, ಅರಿಶಿನದ ಬಣ್ಣದ ಅಣು ಕ್ಷಾರದಲ್ಲಿ ಕೆಂಪಾಗುವುದಷ್ಟೇ ಅಲ್ಲ, ಅಲ್ಲೇ ಬೇಗ ಒಡೆದೂ ಹೋಗುತ್ತದೆ. ಆರತಿಗೆ ತಟ್ಟೆ ಎತ್ತುವ ಮುಂಚೆಯಷ್ಟೇ ಸುಣ್ಣ ಬೆರೆಸುವ ಮನೆಹಿರಿಯರ ರೂಢಿ ರಸಾಯನಶಾಸ್ತ್ರದ ಪ್ರಕಾರವೂ ಸರಿ.

ಆ ಅಣುವಿನ ಹೆಸರು ಕರ್ಕ್ಯುಮಿನ್. 1815ರಲ್ಲಿ ಅದನ್ನು ಅರಿಶಿನದಿಂದ ಬೇರ್ಪಡಿಸಿದರು. ಅದರ ರಚನೆ ತಿಳಿಯಲು 1910ರವರೆಗೆ ಕಾಯಬೇಕಾಯಿತು. ಎರಡು ತುದಿಗಳಲ್ಲಿ ಎರಡು ಉಂಗುರ, ನಡುವೆ ಏಳು ಇಂಗಾಲಗಳ ಸರಪಳಿ. ಈ ಸರಪಳಿಯುದ್ದಕ್ಕೂ ಎಲೆಕ್ಟ್ರಾನುಗಳು ಹರಡಿಕೊಂಡಿರುತ್ತವೆ. ಅವು 425 ನ್ಯಾನೋಮೀಟರ್ ಸುತ್ತಮುತ್ತಲ ನೇರಳೆ, ನೀಲಿ ಬೆಳಕನ್ನು ನುಂಗುವುದರಿಂದ ಉಳಿದದ್ದು ನಮಗೆ ಹಳದಿಯಾಗಿ ಕಾಣುತ್ತದೆ. ಸುಣ್ಣ ಬಂದು ಉಂಗುರಗಳಲ್ಲಿರುವ ಹೈಡ್ರೋಜನ್ನನ್ನು ಕಿತ್ತುಕೊಂಡಾಗ ಎಲೆಕ್ಟ್ರಾನುಗಳಿಗೆ ಹರಡಿಕೊಳ್ಳಲು ಇನ್ನಷ್ಟು ಜಾಗ ಸಿಗುತ್ತದೆ. ವೀಣೆಯ ತಂತಿ ಉದ್ದವಾದಷ್ಟೂ ಸ್ವರ ತಗ್ಗುವಂತೆ, ಅಣು ನುಂಗುವ ಬೆಳಕೂ ನೀಲಿಯಿಂದ ಹಸಿರಿನತ್ತ ಇಳಿಯುತ್ತದೆ. ಉಳಿಯುವುದು ಕೆಂಪು. ನಿಂಬೆಹಣ್ಣು ಹಿಂಡಿದರೆ ಹೈಡ್ರೋಜನ್ ವಾಪಸು ಬಂದು ಹಳದಿ ಮರಳುತ್ತದೆ. ಪಂಚೆಯ ಮೇಲೆ ಬಿದ್ದ ಸಾರಿನ ಕಲೆ ಸೋಪು ತಾಗಿದೊಡನೆ ಕೆಂಪಾಗುವುದೂ ಇದೇ ಕಾರಣಕ್ಕೆ. ಗಾಬರಿಯಾಗಿ ಇನ್ನಷ್ಟು ಉಜ್ಜಬೇಡಿ. ಸೋಪನ್ನು ಪೂರ್ತಿ ಜಾಲಿಸಿ ತೆಗೆದು, ಒದ್ದೆಯಿರುವಾಗಲೇ ಬಿಸಿಲಿಗೆ ಹರವಿ. ಕರ್ಕ್ಯುಮಿನ್ ಬೆಳಕಿಗೆ ತಡೆಯುವುದಿಲ್ಲ, ಒಂದೆರಡು ದಿನದಲ್ಲಿ ಕಲೆ ಮಾಸುತ್ತದೆ. ಇದು ಬಿಳಿ ಹತ್ತಿಬಟ್ಟೆಗೆ ಮಾತ್ರ. ರೇಷ್ಮೆ ಸೀರೆಯನ್ನು ಹೀಗೆ ಬಿಸಿಲಿಗೆ ಹಾಕಿದರೆ ರೇಷ್ಮೆಯೇ ಹಾಳಾಗುತ್ತದೆ.

ಮಕ್ಕಳಿರುವ ಮನೆಯಲ್ಲಿ ಇದನ್ನು ಕಾಗದಕ್ಕೆ ಇಳಿಸಿಡಬಹುದು. ಕರ್ಕ್ಯುಮಿನ್ ನೀರಿನಲ್ಲಿ ಕರಗದು, ಸ್ಪಿರಿಟ್‌ನಲ್ಲಿ ಕರಗುತ್ತದೆ. 50 ಮಿಲಿಲೀಟರ್ ಸರ್ಜಿಕಲ್ ಸ್ಪಿರಿಟ್‌ಗೆ ಒಂದು ಚಮಚ ಅರಿಶಿನಪುಡಿ ಹಾಕಿ ಕುಲುಕಿ, ಅರ್ಧ ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ, ಒಲೆ, ದೀಪದಿಂದ ದೂರವಿರಲಿ. ಬ್ಲಾಟಿಂಗ್ ಪೇಪರ್ ಅಥವಾ ಫಿಲ್ಟರ್ ಪೇಪರ್ ಪಟ್ಟಿಗಳನ್ನು ಅದರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ. ಜೆರಾಕ್ಸ್ ಹಾಳೆ ಬೇಡ, ಅದರ ತಯಾರಿಯಲ್ಲೇ ಸೀಮೆಸುಣ್ಣದ ಪುಡಿ ಸೇರಿರುತ್ತದೆ. ಅಡುಗೆ ಸೋಡಾಗೆ ಪಟ್ಟಿ ಕೊಂಚವೇ ಬದಲಾಗುತ್ತದೆ. ವಾಷಿಂಗ್ ಸೋಡಾ, ಒಲೆಯ ಬೂದಿ ಕದಡಿದ ನೀರು, ಸುಣ್ಣದ ತಿಳಿ ಮೂರಕ್ಕೂ ಕಡುಗೆಂಪು. ಈ ಪಟ್ಟಿಗಳನ್ನು ಎತ್ತಿಟ್ಟುಕೊಳ್ಳಿ, ಬೆಲ್ಲಕ್ಕೂ ಬೇಕಾಗುತ್ತವೆ.

ಈಗ ಒಂದು ಒಗಟು. ನಿಂಬೆರಸ ಬಿದ್ದರೆ ಹಳದಿಗೆ ಮರಳಬೇಕಾದ ಅರಿಶಿನ, ನಿಂಬೆರಸದಲ್ಲೇ ನೆನೆದು ಕುಂಕುಮವಾಗುವುದು ಹೇಗೆ?

ಹಳೆಯ ಕ್ರಮದಲ್ಲಿ ಒಂದು ಕೆಜಿ ಅರಿಶಿನದ ಕೊಂಬಿಗೆ ಸುಮಾರು 100 ಗ್ರಾಂ ಬಿಳಿಗಾರ (ಬೋರಾಕ್ಸ್), 10 ಗ್ರಾಂ ಪಟಿಕ, ಅರ್ಧ ಲೀಟರ್ ನಿಂಬೆರಸ. ಮನೆಯಿಂದ ಮನೆಗೆ ಅಳತೆ ಒಂದಿಷ್ಟು ಹೆಚ್ಚುಕಡಿಮೆ. ಕೊಂಬನ್ನು ಕಡಲೆಕಾಳಿನಷ್ಟು ಚೂರು ಮಾಡಿ, ಬಿಳಿಗಾರ, ಪಟಿಕ ಕರಗಿಸಿದ ರಸವನ್ನು ಸುರಿದು, ದಿನಕ್ಕೆ ಎರಡು ಮೂರು ಸಲ ಮಗುಚುತ್ತ, ರಸವೆಲ್ಲ ಹೀರಿ ಒಣಗುವವರೆಗೆ ನೆರಳಲ್ಲಿ ಬಿಡಬೇಕು. ಆಮೇಲೆ ಕುಟ್ಟಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ಕೊನೆಗೆ ಒಂದಿಷ್ಟು ತುಪ್ಪ. ಇಲ್ಲಿ ಕೆಂಪು ಕೊಡುವುದು ಕ್ಷಾರವಲ್ಲ, ಬಿಳಿಗಾರದೊಳಗಿನ ಬೋರಾನ್. ಹುಳಿ ಸೇರಿದಾಗ ಬಿಳಿಗಾರ ಬೋರಿಕ್ ಆಮ್ಲವಾಗುತ್ತದೆ. ಅದರ ಬೋರಾನ್ ಕರ್ಕ್ಯುಮಿನ್ನಿನ ನಡುಭಾಗವನ್ನು ಗಟ್ಟಿಯಾಗಿ ಹಿಡಿದುಕೊಂಡು ಹೊಸದೊಂದು ಕೆಂಪು ಸಂಯುಕ್ತ ಹುಟ್ಟುತ್ತದೆ. ನೀರಿನ ಪಸೆ ಇರುವತನಕ ಈ ಹಿಡಿತ ಪೂರ್ತಿಯಾಗದು. ಹಾಗಾಗಿ ಕುಂಕುಮದ ಕೆಂಪು ಪಾತ್ರೆಯಲ್ಲಿ ಅರ್ಧ, ಒಣಗುವಾಗ ಅರ್ಧ ಹುಟ್ಟುತ್ತದೆ ಅನ್ನಬಹುದು. ಅವಸರದಲ್ಲಿ ಬಿಸಿಲಿಗೆ ಹಾಕಿದರೆ ಬಣ್ಣ ಸುಟ್ಟುಹೋಗುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ನೆನೆಹಾಕಿದರೆ ಹುಳಿಗೆ ಕರಗಿದ ಕಬ್ಬಿಣ ಕರ್ಕ್ಯುಮಿನ್ ಜೊತೆ ಸೇರಿ ಕುಂಕುಮ ಕಂದು ಹೊಡೆಯುತ್ತದೆ. ನೀರಿನಲ್ಲಿ, ಮಣ್ಣಿನಲ್ಲಿ ಬೋರಾನ್ ಎಷ್ಟಿದೆ ಎಂದು ಅಳೆಯುವ ಪ್ರಯೋಗಾಲಯದ ವಿಧಾನವೊಂದು ನಿಂತಿರುವುದೂ ಇದೇ ಕ್ರಿಯೆಯ ಮೇಲೆ. ಅಲ್ಲೂ ದ್ರಾವಣವನ್ನು ಪೂರ್ತಿ ಆರಿಸಿಯೇ ಕೆಂಪನ್ನು ಅಳೆಯುತ್ತಾರೆ.

ಅಂಗಡಿಯ ಕುಂಕುಮದಲ್ಲಿ ಅರಿಶಿನವಿದೆಯೋ ಬರೀ ಬಣ್ಣವೋ ನೋಡಲು ಚಿಟಿಕೆ ಕುಂಕುಮವನ್ನು ಬಿಳಿ ತಟ್ಟೆಗೆ ತೀಡಿ, ಸುಣ್ಣದ ತಿಳಿಯ ಒಂದು ಹನಿ ಬಿಡಿ. ಬಿಳಿಗಾರದ ಕುಂಕುಮವಾದರೆ ಆ ಜಾಗ ಹಸಿರುಗಪ್ಪಿಗೆ ತಿರುಗುತ್ತದೆ. ಅರಿಶಿನಕ್ಕೆ ಸುಣ್ಣವನ್ನೇ ಬೆರೆಸಿ ಮಾಡಿದ್ದಾದರೆ ಕೆಂಪಾಗಿಯೇ ಉಳಿಯುತ್ತದೆ, ಆಗ ನಿಂಬೆರಸ ಬಿಟ್ಟು ಹಳದಿಯಾಗುತ್ತದೆಯೇ ನೋಡಿ. ಎರಡಕ್ಕೂ ಜಗ್ಗದೆ ನೀರಿಗೆ ಗಾಢವಾಗಿ ಬಣ್ಣ ಬಿಡುವುದು ಸಾಮಾನ್ಯವಾಗಿ ಕೃತಕ ಬಣ್ಣ. ಹಣೆಯಲ್ಲಿ ತುರಿಕೆ, ಕಪ್ಪು ಕಲೆ ಬರುವವರು ಈ ಪರೀಕ್ಷೆ ಮಾಡಿ ನೋಡುವುದು ಒಳ್ಳೆಯದು. ಬಿಳಿಗಾರ ಹೊಟ್ಟೆಗೆ ಹೋಗಬಾರದ ಪದಾರ್ಥ, ಮಕ್ಕಳು ಕುಂಕುಮ ಬಾಯಿಗಿಡದಂತೆ ನೋಡಿಕೊಳ್ಳಿ.

ತಾಂಬೂಲದ ಕೆಂಪು ಎಲೆಯದಲ್ಲ, ಅಡಿಕೆಯ ಒಗರಿನದು. ಸುಣ್ಣದ ಕ್ಷಾರದಲ್ಲಿ ಅಡಿಕೆಗೆ ಒಗರು ಕೊಡುವ ಪಾಲಿಫಿನಾಲ್‌ಗಳು ಗಾಳಿಯ ಆಮ್ಲಜನಕ ಕೂಡಿಸಿಕೊಂಡು ಕೆಂಪಾಗುತ್ತವೆ. ಸುಣ್ಣ ಹಚ್ಚದ ಎಲೆಅಡಿಕೆಗೆ ಬಾಯಿ ಕೆಂಪಾಗದು. ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ಸಾಬೀತಾದ ಮಾತಾದ್ದರಿಂದ ಈ ಬಣ್ಣವನ್ನು ತಟ್ಟೆಯಲ್ಲೇ ಅರೆದು ನೋಡಿದರೂ ಸಾಕು.

ಗೋಡೆಯ ಬಿಳುಪಿನ ಕತೆ ಬೇರೆ. ಒಂದು ಕೆಜಿ ಸುಟ್ಟ ಸುಣ್ಣಕ್ಕೆ ಐದು ಲೀಟರ್ ನೀರು ಹಾಕಿ ಒಂದು ದಿನ ಅರಳಲು ಬಿಟ್ಟು, ಸೋಸಿ, ಎರಡು ಮೂರು ಗ್ರಾಂ ನೀಲಿ ಸೇರಿಸುತ್ತಾರೆ. ಸುಣ್ಣದಲ್ಲಿರುವ ತುಸು ಹಳದಿಛಾಯೆಯನ್ನು ನೀಲಿ ಸರಿದೂಗಿಸುತ್ತದೆ. ಗೋಡೆಯಿಂದ ಚಿಮ್ಮುವ ಬೆಳಕು ಒಂದಿಷ್ಟು ಕಡಿಮೆಯೇ ಆದರೂ ಕಣ್ಣು ಅದನ್ನು ಹೆಚ್ಚು ಬಿಳುಪೆಂದು ಓದುತ್ತದೆ. ಬಳಿದ ಕೂಡಲೇ ಗೋಡೆ ಬೆಳ್ಳಗೆ ಕಾಣುವುದಿಲ್ಲ. ಕಣಗಳ ಸಂದಿಯಲ್ಲಿ ನೀರಿರುವಾಗ ಬೆಳಕು ಹೆಚ್ಚು ಚದುರದೆ ಒಳಗೆ ಹಾದುಹೋಗುತ್ತದೆ. ನೀರು ಆರಿ ಗಾಳಿ ತುಂಬಿದ ಮೇಲೆ ಬೆಳಕು ಚದುರಿ ಬಿಳುಪು ಏಳುತ್ತದೆ. ಇದನ್ನರಿಯದೆ "ಇನ್ನೂ ಮುಚ್ಚಿಲ್ಲ" ಎಂದು ದಪ್ಪಗೆ ಬಳಿದರೆ ಹಕ್ಕಳೆ ಏಳುತ್ತದೆ. ಗೋಡೆ ಒದ್ದೆ ಮಾಡಿಕೊಂಡು ತೆಳ್ಳಗೆ ಎರಡು ಮೂರು ಸಲ ಬಳಿಯುವುದೇ ಸರಿ. ಮುಂದಿನ ದಿನಗಳಲ್ಲಿ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಸುಣ್ಣಕ್ಕೆ ಬಣ್ಣ ಬೆರೆಸುವುದಿದ್ದರೆ ಕೆಮ್ಮಣ್ಣು ನಂಬಿಕಸ್ಥ, ಅದರ ಕಬ್ಬಿಣದ ಆಕ್ಸೈಡ್ ಯಾವ ಕ್ಷಾರಕ್ಕೂ ಅಲುಗದು. ಅಲ್ಟ್ರಾಮರೀನ್ ನೀಲಿಯೂ ನಿಲ್ಲುತ್ತದೆ. ಪ್ರಶ್ಯನ್ ನೀಲಿ ಹಾಕಿದರೆ ಮಾತ್ರ ಕಂದಾಗಿ ಕೆಡುತ್ತದೆ.

ಇನ್ನು ಬೆಲ್ಲ. ಕಬ್ಬಿನ ಹಾಲು ಸಹಜವಾಗಿ ಸ್ವಲ್ಪ ಹುಳಿ, ಪಿಎಚ್ ಐದರ ಮೇಲೆ ಇರುತ್ತದೆ. ಹುಳಿಯಲ್ಲಿ ಕುದಿಸಿದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಬೆಲ್ಲ ಅಚ್ಚು ಹಿಡಿಯದೆ ಅಂಟಾಗುತ್ತದೆ. ಅದಕ್ಕೇ ಕೊಪ್ಪರಿಗೆಗೆ ಸುಣ್ಣದ ನೀರು. ಪಿಎಚ್ ಆರರಿಂದ ಆರೂವರೆಯ ಒಳಗೆ ಬಂದರೆ ಹದ. ಬೆಂಡೆಗಿಡದ ಕಾಂಡ ಜಜ್ಜಿ ನೆನೆಸಿದ ಲೋಳೆ ಹಾಕಿದಾಗ ಕಲ್ಮಶ ಅದಕ್ಕಂಟಿ ನೊರೆಯಾಗಿ ಮೇಲೇಳುತ್ತದೆ. ಪಾಕ ಏರುವ ಮುಂಚೆಯೇ ಆ ನೊರೆಯನ್ನು ತೆಗೆದುಬಿಡಬೇಕು. 118 ಡಿಗ್ರಿ ಆಸುಪಾಸಿನಲ್ಲಿ, ತಣ್ಣೀರಿಗೆ ಬಿಟ್ಟ ಹನಿ ಉಂಡೆಗಟ್ಟಿದಾಗ, ಇಳಿಸುವ ಹೊತ್ತು.

ಸುಣ್ಣ ಹೆಚ್ಚಾದರೆ ಕ್ಷಾರದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಒಡೆದು ಕಪ್ಪು ಕಟ್ಟುತ್ತವೆ. ಕಬ್ಬಿನ ಪಾಲಿಫಿನಾಲ್‌ಗಳು ಗಾಣದ ಕಬ್ಬಿಣ ಸೇರಿ ಮತ್ತಷ್ಟು ಕಪ್ಪು. ಕಡಿದ ಕಬ್ಬನ್ನು ಎರಡು ಮೂರು ದಿನ ರಾಶಿ ಹಾಕಿಟ್ಟು ಆಮೇಲೆ ಅರೆದರೂ, ಗದ್ದೆಗೆ ಯೂರಿಯಾ ಮಿತಿಮೀರಿದರೂ, ಚೌಳು ನೆಲದ ಕಬ್ಬಾದರೂ ಬಣ್ಣ ಕೆಡುತ್ತದೆ. ಒಂದು ಅಚ್ಚಿನ ಬಣ್ಣದಲ್ಲಿ ಗದ್ದೆಯಿಂದ ಒಲೆಯವರೆಗಿನ ಇಷ್ಟೆಲ್ಲ ಅಡಗಿದೆ. ಬಣ್ಣದ ಈ ಬರಹವನ್ನೇ ಅಳಿಸಿಹಾಕುವುದು ಹೈಡ್ರೋಸ್, ಅಂದರೆ ಬೆಲ್ಲ ಬೆಳ್ಳಗಾಗಲೆಂದು ಹಾಕುವ ಗಂಧಕದ ರಾಸಾಯನಿಕ (ಸೋಡಿಯಂ ಹೈಡ್ರೋಸಲ್ಫೈಟ್). ಅದು ಬಣ್ಣದ ಅಣುಗಳನ್ನು ಬಣ್ಣವಿಲ್ಲದ ರೂಪಕ್ಕೆ ತಿರುಗಿಸುತ್ತದಷ್ಟೇ, ತೆಗೆದುಹಾಕುವುದಿಲ್ಲ. ವಾರಗಳು ಕಳೆದಂತೆ ಗಾಳಿ ತಾಗಿ ಬೆಲ್ಲ ಮತ್ತೆ ಕಪ್ಪಾಗುತ್ತದೆ, ಗಂಧಕದ ಉಳಿಕೆ ಮಾತ್ರ ಒಳಗೇ ಇರುತ್ತದೆ. ಬಿಳಿಚಿದ ಹಳದಿ ಬೆಲ್ಲಕ್ಕೆ ಹೆಚ್ಚು ಬೆಲೆ ಕೊಡುವ ನಾವೇ ರೈತರನ್ನು ಇದಕ್ಕೆ ದೂಡಿದ್ದೇವೆ.

ಬೆಲ್ಲದ ನೀರಿಗೆ ಅರಿಶಿನದ ಪಟ್ಟಿ ಅದ್ದಿ ನೋಡಿ. ಒಳ್ಳೆಯ ಬೆಲ್ಲ ತುಸು ಹುಳಿಯಾದ್ದರಿಂದ ಪಟ್ಟಿ ಹಳದಿಯಾಗೇ ಉಳಿಯಬೇಕು. ಕೆಂಪಾದರೆ ಸುಣ್ಣವೋ ಸೋಡಾವೋ ವಿಪರೀತ ಬಿದ್ದಿದೆ. ಕೆಂಪಾಗಲಿಲ್ಲ ಎಂದರೆ ಹೈಡ್ರೋಸ್ ಇಲ್ಲವೆಂದು ಅರ್ಥವಲ್ಲ, ಅದು ಈ ಪಟ್ಟಿಗೆ ಸಿಗುವುದಿಲ್ಲ. ಅದಕ್ಕೆ ಬಣ್ಣವನ್ನೇ ನೋಡಬೇಕು: ಜೇನಿನಿಂದ ಕಂದಿನವರೆಗಿನ ಯಾವ ಛಾಯೆಯಾದರೂ ಇರಲಿ, ಮುರಿದಾಗ ಒಳಗೆ ಹರಳು ಹೊಳೆಯುವ ಬೆಲ್ಲ ಆರಿಸಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ತಾಗದಂತೆ ಇಡಿ.