ರಿಂಗ್ ಕೂರುವ ತನಕ: ಹೊಸ ಕಾರಿನ ಮೊದಲ ಎರಡು ಸಾವಿರ ಕಿಲೋಮೀಟರ್

ಕಲಬುರಗಿಯ ಶರಣಬಸವೇಶ್ವರ ಗುಡಿ ಮುಂದೆ ಹೊಸ ಕಾರಿನ ಪೂಜೆ ಮುಗಿಯುವುದೇ ತಡ, ಸಲಹೆಗಳು ಶುರು. 'ಸಾವಿರ ಕಿಲೋಮೀಟರ್ ತನಕ ನಲವತ್ತು ದಾಟಿಸಬ್ಯಾಡ್ರಿ' ಎನ್ನುವವರು ಕೆಲವರು, 'ಮೊದಲ ದಿನಾನೇ ಒತ್ತಿ ಹೊಡೀರಿ, ಎಂಜಿನ್ ಫ್ರೀ ಆಗ್ತದ' ಎನ್ನುವವರು ಕೆಲವರು. ನಾನೂರು ಐನೂರು ಕುದುರೆಶಕ್ತಿಯ ಕಾರಿನ ಮಟ್ಟಿಗೆ ಇಬ್ಬರದೂ ಅರೆಬರೆ ತಿಳಿವಳಿಕೆ. ಟೈರಿನಡಿ ಇಟ್ಟ ನಿಂಬೆಹಣ್ಣಿನಿಂದ ಎಂಜಿನ್ನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಎಣ್ಣೆಯಲ್ಲಿ ಕಲಸಿದ ಕುಂಕುಮ ಬ್ರೇಕ್ ಡಿಸ್ಕಿನ ಮೇಲೆ ಬಿದ್ದರೆ ಮಾತ್ರ ನಷ್ಟವಿದೆ, ಎಣ್ಣೆ ಕುಡಿದ ಪ್ಯಾಡ್ ಸರಿಯಾಗಿ ಹಿಡಿಯುವುದಿಲ್ಲ. ಬಾನೆಟ್ ಮೇಲೆ ಎಷ್ಟು ಬೇಕಾದರೂ ಹಚ್ಚಿ.

ನಲವತ್ತರ ನಿಯಮಕ್ಕೆ ಒಂದು ಕಾಲವಿತ್ತು. 1940-50ರ ದಶಕಗಳ ಬ್ರಿಟನ್ನಿನಲ್ಲಿ ಹೊಸ ಕಾರಿನ ಹಿಂದಿನ ಗಾಜಿಗೆ 'ಎಂಜಿನ್ ಪಳಗುತ್ತಿದೆ, ದಯವಿಟ್ಟು ಮುಂದೆ ಹೋಗಿ' ಎಂಬರ್ಥದ ಚೀಟಿ ಅಂಟಿಸುತ್ತಿದ್ದರು. ಆಗ ಸಿಲಿಂಡರನ್ನು ಇಂದಿನಷ್ಟು ಕರಾರುವಾಕ್ಕಾಗಿ ಕೊರೆಯುತ್ತಿರಲಿಲ್ಲ, ಆಯಿಲ್ಲೂ ಇಂದಿನ ಗುಣಮಟ್ಟದ್ದಲ್ಲ. ಅವಸರ ಮಾಡಿದರೆ ಬಿಗಿಯಾದ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತಿತ್ತು. ಅಂಬಾಸಿಡರ್ ಓಡಿಸಿದ ಹಿರಿಯರು ಕಲಿತದ್ದು ಆ ಪಾಠ, ಅವರ ಗಾಡಿಗೆ ಅದು ಸರಿಯೇ ಇತ್ತು.

ಇಂದಿನ ಎಂಜಿನ್ನಿನಲ್ಲಿ ಪಳಗಬೇಕಾದ ಮುಖ್ಯ ಭಾಗ ಪಿಸ್ಟನ್ ರಿಂಗ್. ಸಿಲಿಂಡರನ್ನು ಭದ್ರವಾಗಿ ಮುಚ್ಚುವುದು ಪಿಸ್ಟನ್ ಅಲ್ಲ, ಅದರ ಸುತ್ತ ತೋಡಿನಲ್ಲಿ ಕೂತ, ಒಂದು ಕಡೆ ಸೀಳಿದ ಈ ಲೋಹದ ಬಳೆ. 1850ರ ದಶಕದಲ್ಲಿ ಜಾನ್ ರ‍್ಯಾಮ್ಸ್‌ಬಾಟಮ್ ಎಂಬ ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಉಗಿಬಂಡಿಗಾಗಿ ಹುಡುಕಿದ ಉಪಾಯ ಇದು. ಅದಕ್ಕೂ ಹಿಂದೆ ಉಗಿ ಎಂಜಿನ್ನಿನ ಪಿಸ್ಟನ್ನಿಗೆ ಸೆಣಬಿನ ನಾರು ಸುತ್ತುತ್ತಿದ್ದುದೂ ಉಂಟು.

ಬಳೆಗೆ ತನ್ನದೇ ಸ್ಪ್ರಿಂಗಿನಂಥ ಬಿಗುಪು ಇದೆ, ಆದರೆ ಅದು ಅಲ್ಪ. ನಿಜವಾದ ಒತ್ತು ಬರುವುದು ಬೆಂಕಿಯಿಂದ. ಪೆಟ್ರೋಲ್ ಉರಿದಾಗ ಹುಟ್ಟುವ ಅನಿಲ ರಿಂಗಿನ ಮೇಲಿನ ಕೂದಲೆಳೆಯ ಸಂದಿಯಿಂದ ತೋಡಿನೊಳಗೆ ನುಗ್ಗಿ, ರಿಂಗಿನ ಬೆನ್ನಿಗೆ ನಿಂತು, ಅದನ್ನು ಗೋಡೆಗೆ ಅದುಮುತ್ತದೆ. ಟರ್ಬೊ ಎಂಜಿನ್ ಪೂರ್ತಿ ಹೊರೆ ಎಳೆಯುವಾಗ ಒಳಗಿನ ಒತ್ತಡ 100 ಬಾರ್ (ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ನೂರು ಪಟ್ಟು) ಆಸುಪಾಸಿಗೆ ಏರುತ್ತದೆ. ನಿಂತಲ್ಲೇ ಚಾಲೂ ಇಟ್ಟ ಎಂಜಿನ್ನಿನಲ್ಲಿ ಇರುವುದು ಅದರ ಒಂದು ಸಣ್ಣ ಪಾಲು. ಅಂದರೆ ಹೊರೆ ಇದ್ದಾಗಷ್ಟೇ ರಿಂಗು ಗೋಡೆಯನ್ನು ಗಟ್ಟಿಯಾಗಿ ತಬ್ಬುತ್ತದೆ.

ಗೋಡೆಯೂ ನುಣುಪಾಗಿರುವುದಿಲ್ಲ. ಕಾರ್ಖಾನೆಯಲ್ಲಿ ಹೋನಿಂಗ್ ಮಾಡಿ, ಅಂದರೆ ಸಾಣೆಕಲ್ಲಿನಿಂದ ಉಜ್ಜಿ, ಅದರ ಮೇಲೆ ಒಂದನ್ನೊಂದು ಕತ್ತರಿಸುವ ಓರೆ ಗೀರುಗಳನ್ನು ಬೇಕೆಂದೇ ಎಳೆದಿರುತ್ತಾರೆ. ಗೀರಿನ ತಗ್ಗುಗಳಲ್ಲಿ ಆಯಿಲ್ ನಿಲ್ಲುತ್ತದೆ, ಚೂಪಾದ ಏಣುಗಳು ರಿಂಗಿನ ಅಂಚನ್ನು ಉಜ್ಜಿ ತಾವೂ ಸವೆಯುತ್ತವೆ, ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಹೊರೆಯಿಲ್ಲದೆ ತಾಸುಗಟ್ಟಲೆ ತಿರುಗಿದ ಎಂಜಿನ್ನಿನಲ್ಲಿ ರಿಂಗು ಹೊಂದುವ ಮುನ್ನವೇ ಆಯಿಲ್ ಸುಟ್ಟು ಗೋಡೆಗೆ ವಾರ್ನಿಶ್ಶಿನ ಪದರ ಹಿಡಿಯುತ್ತದೆ, ಗೀರುಗಳು ಮುಚ್ಚುತ್ತವೆ. ನುಣುಪಾದ ಬೀಸುಕಲ್ಲಿನಲ್ಲಿ ಜೋಳ ಹಿಟ್ಟಾಗದು, ಉಳಿಯಿಂದ ಮತ್ತೆ ಕಚ್ಚು ಹೊಡೆಸಬೇಕು. ಇಲ್ಲೂ ಅದೇ ಕಥೆ, ಆದರೆ ಕಚ್ಚು ಹೊಡೆಸಲು ಎಂಜಿನ್ನನ್ನೇ ಬಿಚ್ಚಬೇಕು. ಅಲ್ಲಿಯ ತನಕ ಆಯಿಲ್ ಕುಡಿಯುತ್ತಲೇ ಇರುತ್ತದೆ. (ನಿಸಾನ್ ಜಿಟಿ-ಆರ್‌ನಂಥ ಕಾರುಗಳ ಸಿಲಿಂಡರ್ ಗೋಡೆಗೆ ಪ್ಲಾಸ್ಮಾದಿಂದ ಲೋಹ ಸಿಂಪಡಿಸಿರುತ್ತಾರೆ. ಅಲ್ಲಿ ಸೂಕ್ಷ್ಮ ರಂಧ್ರಗಳೂ ಆಯಿಲ್ ಹಿಡಿಯುತ್ತವೆ. ಆದರೂ ಅನಿಲ ಬೆನ್ನು ತಳ್ಳುವ ಲೆಕ್ಕ ಬದಲಾಗದು.)

ಹಾಗಾಗಿ ನಮ್ಮ ಕಡೆ ಹೊಸ ಎಂಜಿನ್ನಿಗೆ ದೊಡ್ಡ ಶತ್ರು ವೇಗವಲ್ಲ. ಮೇ ತಿಂಗಳ 43 ಡಿಗ್ರಿಯಲ್ಲಿ ಬೇವಿನ ಮರದ ಕೆಳಗೆ ಎಸಿ ಹಾಕಿಕೊಂಡು ಒಂದು ತಾಸು ನಿಲ್ಲಿಸುವುದು, ಮದುವೆ ಮೆರವಣಿಗೆಯಲ್ಲಿ ಹೂವು ಸುತ್ತಿ ಬ್ಯಾಂಡಿನ ಹಿಂದೆ ಆಮೆನಡಿಗೆಯಲ್ಲಿ ಓಡಿಸುವುದು, ಇವು. ಮೆರವಣಿಗೆಗೆ ಬೇರೆ ಗಾಡಿ ಕೊಡಿ.

ಸರಿಯಾದ ಹೊರೆ ಸಿಗುವ ದಾರಿ ಊರ ಹೊರಗೇ ಇದೆ. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಒಟ್ಟಾರೆ ಏರುತ್ತ ಹೋಗುತ್ತದೆ. ಮೊದಲ ಹತ್ತು ಹದಿನೈದು ನಿಮಿಷ ಹದವಾಗಿ ಓಡಿಸಿ. ಎಂಜಿನ್ ತಣಿಸುವ ದ್ರವದ (ಕೂಲಂಟ್) ಮುಳ್ಳು ನಡುವಿಗೆ ಬಂದ ಮಾತ್ರಕ್ಕೆ ಆಯಿಲ್ ಕಾದಿಲ್ಲ. ಆಯಿಲ್ ಉಷ್ಣತೆ ತೋರಿಸುವ ಮೀಟರಿದ್ದರೆ 80 ಡಿಗ್ರಿ ದಾಟುವ ತನಕ ಕಾಯಿರಿ, ಬೀದರಿನ ಡಿಸೆಂಬರ್ ಬೆಳಗಿನಲ್ಲಿ ಇನ್ನಷ್ಟು ಹೊತ್ತು ಬೇಕು. ಆಮೇಲೆ ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ 2500ರಿಂದ 4000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ನಿನ ಸುತ್ತು) ತನಕ ಅರ್ಧದಿಂದ ಮುಕ್ಕಾಲು ಪೆಡಲ್ ಒತ್ತಿ ಏರಿಸಿ, ಪೂರ್ತಿ ಕಾಲು ತೆಗೆದು ಗೇರಿನಲ್ಲೇ ಇಳಿಯಲು ಬಿಡಿ. ಕಾಲು ತೆಗೆದಾಗ ಸಿಲಿಂಡರಿನಲ್ಲಿ ನಿರ್ವಾತ ಉಂಟಾಗಿ ಒಂದಿಷ್ಟು ಆಯಿಲ್ ಮೇಲೆ ಬರುತ್ತದೆ, ಉಜ್ಜಿದ ಜಾಗ ತಣಿಯುತ್ತದೆ. ಒಂದೇ ವೇಗಕ್ಕೆ ಕ್ರೂಸ್ ಕಂಟ್ರೋಲ್ ಹಾಕಿ ಹೈದರಾಬಾದ್ ತನಕ ಹೋದರೆ ಈ ಏರಿಳಿತ ಸಿಗುವುದಿಲ್ಲ.

ಹೊರೆ ಬೇಕೆಂದು ಆರನೇ ಗೇರಿನಲ್ಲಿ 1500 ಆರ್‌ಪಿಎಂಗೆ ಪೆಡಲ್ ತುಳಿಯಬೇಡಿ. ಪೆಟ್ರೋಲನ್ನು ಸಿಲಿಂಡರಿನೊಳಗೇ ಚಿಮ್ಮಿಸುವ (ನೇರ ಇಂಜೆಕ್ಷನ್) ಟರ್ಬೊ ಎಂಜಿನ್ನುಗಳಲ್ಲಿ ಹಾಗೆ ಮಾಡಿದರೆ ಸ್ಪಾರ್ಕ್ ಬರುವ ಮೊದಲೇ ಇಂಧನ ಹೊತ್ತಿಕೊಳ್ಳುವ ಅಪಾಯವಿದೆ. ಅಂಥ ಏಟಿಗೆ ರಿಂಗ್ ಕೂತ ತೋಡಿನ ಅಂಚೇ ಮುರಿಯಬಹುದು.

ಗರಿಷ್ಠ ಮಿತಿಯನ್ನು ಮಾತ್ರ ಕಂಪನಿಯ ಕೈಪಿಡಿ ನೋಡಿಯೇ ಹಿಡಿಯಬೇಕು. ಬಿಎಂಡಬ್ಲ್ಯು ಎಂ ಸರಣಿಯ ಪೆಟ್ರೋಲ್ ಕಾರುಗಳಿಗೆ ಮೊದಲ 2000 ಕಿ.ಮೀ. ತನಕ 5500 ಆರ್‌ಪಿಎಂ, ಗಂಟೆಗೆ 170 ಕಿ.ಮೀ. ದಾಟಬಾರದೆಂದು ಹೇಳುತ್ತಾರೆ, ಪೂರ್ತಿ ಪೆಡಲ್ ಒತ್ತಬಾರದೆಂದೂ. ನಮ್ಮ ಹೆದ್ದಾರಿಯಲ್ಲಿ 170 ಹೇಗೂ ಕಾನೂನುಬಾಹಿರ, ಆರ್‌ಪಿಎಂ ಮೇಲೆ ಕಣ್ಣಿದ್ದರೆ ಸಾಕು.

ಹೊಸ ಟೈರಿನ ಮೇಲ್ಮೈಯಲ್ಲಿ ಅಚ್ಚಿನಿಂದ ಬಿಡಿಸಲು ಬಳಸಿದ ಜಾರು ಪದಾರ್ಥದ ಅಂಶ ಉಳಿದಿರಬಹುದು, ಮೊದಲ 300 ಕಿ.ಮೀ. ತಿರುವಿನಲ್ಲಿ ಹುಷಾರು. ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗ ನೋಡಿ, ಉಷ್ಣತೆ 10 ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್ಐ ಏರುತ್ತದೆ.

ಬ್ರೇಕ್ ಪಳಗಿಸಲು ಆ 300 ಕಿ.ಮೀ. ಮುಗಿಯಲಿ. ಬೆಳಗಿನ ಜಾವ ಹಿಂದೆ ಮುಂದೆ ಗಾಡಿಯಿಲ್ಲದ ಕಡೆ 80ರಿಂದ 15ಕ್ಕೆ ಗಟ್ಟಿಯಾಗಿ, ಆದರೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸಕ್ಕಿಳಿಯದಷ್ಟು, ಇಳಿಸಿ. ಅರ್ಧ ನಿಮಿಷ ಓಡಿಸಿ ಮತ್ತೆ ಇಳಿಸಿ. ಹೀಗೆ ಎಂಟು ಹತ್ತು ಸಲ. ಪ್ಯಾಡಿನ ತೆಳುಪದರ ಡಿಸ್ಕಿಗೆ ಸಮನಾಗಿ ಹತ್ತುವುದೇ ಇದರ ಉದ್ದೇಶ. ಸುಟ್ಟ ವಾಸನೆ ಬಂದರೆ ಗಾಬರಿ ಬೇಡ. ಆದರೆ ಕಾದ ಡಿಸ್ಕನ್ನು ಪ್ಯಾಡ್ ಕಚ್ಚಿಕೊಂಡಿರುವಾಗ ಪೂರ್ತಿ ನಿಲ್ಲಿಸಿದರೆ ಆ ಒಂದೇ ಜಾಗದಲ್ಲಿ ಪ್ಯಾಡಿನ ಗುರುತು ಕೂರುತ್ತದೆ, ಮುಂದೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟೀರಿಂಗ್ ನಡುಗುತ್ತದೆ. ಕೊನೆಗೆ ಎಂಟ್ಹತ್ತು ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಕಾರ್ಬನ್ ಸೆರಾಮಿಕ್ ಡಿಸ್ಕಿಗೆ ಈ ಲೆಕ್ಕ ಅನ್ವಯಿಸದು, ಕಂಪನಿಯದೇ ಕ್ರಮ ಪಾಲಿಸಬೇಕು.

ಸುಗ್ಗಿಯಲ್ಲಿ ರಸ್ತೆ ಮೇಲೆ ತೊಗರಿ ರಾಶಿ ಹರವಿದ ಕಡೆ ನಿಧಾನಿಸಿ, ಸಾಧ್ಯವಾದರೆ ಸುತ್ತಿ ಹೋಗಿ. ಈ ಕಾರುಗಳ ಹೊಟ್ಟೆ ನೆಲಕ್ಕೆ ಹತ್ತಿರ. ಕಾದ ಸೈಲೆನ್ಸರ್ ಪೈಪಿಗೆ ಒಣ ಹೊಟ್ಟು ಸಿಕ್ಕಿಕೊಂಡರೆ ಬೆಂಕಿ ಹತ್ತಬಹುದು.

ಆಯಿಲ್ ಮಟ್ಟವನ್ನು 500 ಕಿ.ಮೀ.ಗೊಮ್ಮೆ ಸಮತಟ್ಟಾದ ಜಾಗದಲ್ಲಿ ನೋಡಿ. ಡಿಪ್‌ಸ್ಟಿಕ್ ಇಲ್ಲದ ಕಾರಿನಲ್ಲಿ ಎಂಜಿನ್ ಬಿಸಿಯಿರುವಾಗ ಪರದೆಯೇ ಹೇಳುತ್ತದೆ. ಮೊದಮೊದಲು ಸ್ವಲ್ಪ ಇಳಿಯುವುದು ಸಹಜ, ಎರಡು ಸಾವಿರ ದಾಟಿದ ಮೇಲೂ ಅದೇ ವೇಗದಲ್ಲಿ ಇಳಿದರೆ ರಿಂಗ್ ಕೂತಿಲ್ಲ.

2000 ಕಿ.ಮೀ. ಸರ್ವಿಸಿಗೆ ಕಾರು ಬಿಡುವಾಗ ಎಂಜಿನ್ ಆಯಿಲ್ ಜೊತೆ ಹಿಂದಿನ ಡಿಫರೆನ್ಷಿಯಲ್ (ಎರಡು ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ) ಆಯಿಲ್ಲನ್ನೂ ಬದಲಿಸುತ್ತಾರಾ ಎಂದು ಕೇಳಿ. ಎಂ ಕಾರುಗಳಲ್ಲಿ ಅದು ನಿಯಮದಲ್ಲೇ ಇದೆ. ಡಿಫರೆನ್ಷಿಯಲ್ಲಿನ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಸಾಕಷ್ಟು ಜಾರುತ್ತವೆ, ಹೊಸದರಲ್ಲಿ ಲೋಹದ ಪುಡಿ ಜಾಸ್ತಿ ಬಿಡುತ್ತವೆ. ಡ್ರೇನ್ ಬೋಲ್ಟಿಗೆ ಅಯಸ್ಕಾಂತವಿದ್ದರೆ ಒರೆಸುವ ಮೊದಲು ತೋರಿಸಲು ಹೇಳಿ. ಬೆರಳಿಗೆ ಬೂದು ಬಣ್ಣದ ಪೇಸ್ಟ್ ಹತ್ತಿದರೆ ಚಿಂತೆಯಿಲ್ಲ. ಉಗುರಿಗೆ ಸಿಗುವಂಥ ಚೂರು ಕಂಡರೆ ಹೊಸ ಆಯಿಲ್ ತುಂಬಲು ಬಿಡಬೇಡಿ, ಫೋಟೊ ತೆಗೆದು, ಜಾಬ್‌ಕಾರ್ಡಿನಲ್ಲಿ ಬರೆಸಿ.