ರಾಣಿ ಚೆನ್ನಮ್ಮನ ಸಮಾಧಿ ಕಿತ್ತೂರು ಕೋಟೆಯಲ್ಲಿ ಯಾಕೆ ಸಿಗಲಿಲ್ಲ?

ಪ್ರಶ್ನೆ: ಮಡಿಕೇರಿ ದಸರಾ ಮುಗಿಸಿಕೊಂಡು ಮನೆಮಂದಿಯೆಲ್ಲ ಕಿತ್ತೂರಿಗೆ ಹೋಗಿದ್ದೆವು. ಕೋಟೆ ಪೂರ್ತಿ ಸುತ್ತಿದರೂ ರಾಣಿಯ ಸಮಾಧಿ ಸಿಗಲಿಲ್ಲ. ಯಾವ ಮೂಲೆಯಲ್ಲಿದೆ ಸರ್?

ಉತ್ತರ: ಯಾವ ಮೂಲೆಯಲ್ಲೂ ಇಲ್ಲ. ಸಮಾಧಿ ಇರುವುದು ಬೈಲಹೊಂಗಲದಲ್ಲಿ. ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ, ಎಲ್ಲಿಂದಾದರೂ ಸರಿ, ರಜೆ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಅಷ್ಟು ದೂರ ಹೋಗಿ ಸಮಾಧಿ ನೋಡದೆ ವಾಪಸ್ ಬಂದವರ ಬೇಸರ ನನಗೂ ಅರ್ಥವಾಗುತ್ತದೆ. ಆದರೆ ತಪ್ಪು ದಾರಿಯದಲ್ಲ, ತಲೆಯಲ್ಲಿ ಕೂತಿರುವ ಕಥೆಯದು.

ರಾಣಿ ಕಿತ್ತೂರಿನ ಯುದ್ಧದಲ್ಲಿ ಕುದುರೆ ಮೇಲೆ ಹೋರಾಡುತ್ತಲೇ ಪ್ರಾಣ ಬಿಟ್ಟರು ಅಂತ ಬಹಳ ಜನ ನಂಬಿದ್ದಾರೆ. ನಂಬದೆ ಏನು ಮಾಡುತ್ತಾರೆ? ಸರ್ಕಲ್‌ಗಳಲ್ಲಿ ಕಾಣುವ ಪ್ರತಿಮೆಯಲ್ಲಿ ಕುದುರೆ, ಎತ್ತಿ ಹಿಡಿದ ಕತ್ತಿ. ಶಾಲೆಯ ವಾರ್ಷಿಕೋತ್ಸವದಲ್ಲಿ ಪುಟ್ಟ ಹುಡುಗಿ ಕಪ್ಪದ ಡೈಲಾಗ್ ಹೊಡೆದು, ರಟ್ಟಿನ ಕತ್ತಿ ಬೀಸಿ, ಚಪ್ಪಾಳೆಯ ನಡುವೆ ಬಿದ್ದುಬಿಡುತ್ತಾಳೆ. ಪರದೆ ಎಳೆದರೆ ಕಥೆ ಮುಗಿಯಿತು.

ಮುಗಿದಿರಲಿಲ್ಲ. 1824ರ ಅಕ್ಟೋಬರ್ 23ರ ಯುದ್ಧದಲ್ಲಿ ಸತ್ತದ್ದು ಧಾರವಾಡದ ಕಲೆಕ್ಟರ್ ಥ್ಯಾಕರೆ. ಗುಂಡು ಹೊಡೆದವನು ಅಮಟೂರು ಬಾಳಪ್ಪ. ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಅಂದರೆ ಆ ಯುದ್ಧ ಗೆದ್ದವರು ರಾಣಿ! ಕಂಪನಿ ಸರ್ಕಾರ ತನ್ನವರನ್ನು ಬಿಡಿಸಿಕೊಂಡು, ಡಿಸೆಂಬರ್‌ನಲ್ಲಿ ದೊಡ್ಡ ದಂಡು ಕಟ್ಟಿಕೊಂಡು ಮತ್ತೆ ಬಂತು. ಆಗ ಕೋಟೆ ಬಿತ್ತು. ರಾಣಿಯನ್ನು ಸೊಸೆಯಂದಿರ ಜೊತೆ ಹಿಡಿದು ಬೈಲಹೊಂಗಲದ ಕೋಟೆಯಲ್ಲಿಟ್ಟರು. 1829ರ ಫೆಬ್ರವರಿಯಲ್ಲಿ ತೀರಿಕೊಂಡದ್ದು ಅಲ್ಲೇ, ಸೆರೆಯಲ್ಲೇ. ನಾಲ್ಕು ವರ್ಷಕ್ಕೂ ಜಾಸ್ತಿ ಕಾಲ! ನಾಟಕದಲ್ಲಿ ಈ ನಾಲ್ಕು ವರ್ಷಕ್ಕೆ ಜಾಗವೇ ಇಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ಇಷ್ಟು ಹೇಳಿದ ಮೇಲೂ ಕೆಲವರು ಬಿಡುವುದಿಲ್ಲ. ಹಾಗಾದರೆ ರಾಯಣ್ಣನನ್ನು ಗಲ್ಲಿಗೇರಿಸಿದ ಸುದ್ದಿ ಕೇಳಿ ಎದೆಯೊಡೆದು ಸತ್ತರು ಅಲ್ವಾ ಅನ್ನುತ್ತಾರೆ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ರಾಣಿ ತೀರಿಕೊಂಡು ಅಷ್ಟೊತ್ತಿಗೆ ಹೆಚ್ಚುಕಡಿಮೆ ಎರಡು ವರ್ಷ. ಯಾರ ಸುದ್ದಿ ಯಾರು ಕೇಳಬೇಕು? ಬೆರಳೆಣಿಸಿದರೆ ತಿಳಿಯುವ ಲೆಕ್ಕ, ಆದರೂ ಪ್ರತಿ ವರ್ಷ ಹೇಳಬೇಕು.

ಹಾಗಂತ ಕಿತ್ತೂರಿಗೆ ಹೋಗಿದ್ದು ದಂಡವೇನಲ್ಲ. ಅರಮನೆ ಪಾಳು ಬಿದ್ದಿದೆ, ನಿಜ. ಆದರೆ ಮುರಿದ ಗೋಡೆಗಳ ನಡುವೆ ಧ್ರುವ ನಕ್ಷತ್ರ ನೋಡಲೆಂದೇ ಬಿಟ್ಟ ಒಂದು ದುಂಡನೆಯ ಕಿಂಡಿ ಇದೆ. ಕೈ ಹಾಕಿದರೆ ಗೋಡೆ ಎಷ್ಟು ದಪ್ಪ ಅಂತ ಗೊತ್ತಾಗುತ್ತದೆ. ಸುಮ್ನೆ ಸೆಲ್ಫಿ ತೆಗೆದುಕೊಂಡು ಬಂದವರು ಇದನ್ನು ನೋಡಿರುವುದಿಲ್ಲ. ಕೋಟೆಯೊಳಗೆ ಮ್ಯೂಸಿಯಂ ಕೂಡ ಇದೆ.

ದಾರಿ ಹೇಳಿಬಿಡುತ್ತೇನೆ. ನಮಗಂತೂ ರೈಲಿಲ್ಲ. ಮೈಸೂರಿಗೋ ಹಾಸನಕ್ಕೋ ಇಳಿದು ಹುಬ್ಬಳ್ಳಿ, ಧಾರವಾಡ ಸೇರಬೇಕು. ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲೇ ಕಿತ್ತೂರು ಸಿಗುತ್ತದೆ. ಅಲ್ಲಿ ನಿಲ್ಲಿಸ್ತೀರಾ ಅಂತ ಕಂಡಕ್ಟರನ್ನು ಕೇಳಿಯೇ ಬಸ್ಸು ಹತ್ತಿ. ಕೋಟೆ ನೋಡಿಕೊಂಡು ಅದೇ ದಿನ ಬೈಲಹೊಂಗಲಕ್ಕೆ ಹೋಗಬಹುದು. ಕಿತ್ತೂರು ಉತ್ಸವ ಶುರುವಾಗುವುದು ಅಕ್ಟೋಬರ್ 23ಕ್ಕೆ. ತಲಕಾವೇರಿಯಲ್ಲಿ ತೀರ್ಥೋದ್ಭವ ಮುಗಿಸಿ ಹೊರಟರೂ ಆರಾಮಾಗಿ ತಲುಪುತ್ತೀರಿ. ಗದ್ದಲ ಆಗದವರು ಆ ದಿನಗಳನ್ನು ಬಿಟ್ಟು ಹೋಗಿ.

ಯಾರೂ ಕೇಳದ ಇನ್ನೊಂದು ಮಾತು. ದತ್ತು ಮಗನನ್ನು ಒಪ್ಪದೆ ಕಿತ್ತೂರನ್ನು ನುಂಗಲು ಬಂದವನು ಡಾಲ್‌ಹೌಸಿ ಅಂತ ಮಕ್ಕಳು ಬರೆಯುತ್ತಾರೆ, ದೊಡ್ಡವರು ತಲೆಯಾಡಿಸುತ್ತಾರೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನ ಕಾಲಕ್ಕೆ ಇದ್ದವನು ಆಮ್ಹರ್ಸ್ಟ್. ದತ್ತು ಒಪ್ಪದ ಚಾಳಿ ಕಂಪನಿಗೆ ಮೊದಲಿನಿಂದಲೂ ಇತ್ತು. ನಮ್ಮ ಕೊಡಗನ್ನು 1834ರಲ್ಲಿ ಕಿತ್ತುಕೊಂಡಾಗ ಬೆಂಟಿಂಕ್ ಇದ್ದ. ಇಲ್ಲಿ ದತ್ತಿನ ಮಾತೇ ಬರಲಿಲ್ಲ, ಚಿಕ್ಕವೀರರಾಜನ ಆಡಳಿತ ಸರಿಯಿಲ್ಲ ಅನ್ನುವ ನೆಪ ಸಾಕಾಯಿತು. ಮೂರೇ ವರ್ಷಕ್ಕೆ ಅಮರ ಸುಳ್ಯದ ದಂಗೆ ಎದ್ದಿತು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದ್ದು 1837ರ ಅಕ್ಟೋಬರ್ 31ರಂದು. ಡಾಲ್‌ಹೌಸಿ ಆ ಕುರ್ಚಿಯಲ್ಲಿ ಕೂರಲು ಆಗ ಇನ್ನೂ ಹತ್ತು ವರ್ಷಕ್ಕಿಂತ ಜಾಸ್ತಿ ಬಾಕಿ ಇತ್ತು.